ಚಾನೆಲ್ಲುಗಳು ಒಂದಾದವು ಸರಿ, ನಮ್ಮ ಗುಡ್ಡಕ್ಕೆ ಸಿಗ್ನಲ್ ಯಾವಾಗ?

(ಇದು ಓದುಗರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು ಮತ್ತು ಊರು.)

ಗುಡ್ಡದಂಚು (ಹೊಸನಗರ ತಾಲ್ಲೂಕು)

2025ರ ಜೂನ್ 3ರ ರಾತ್ರಿ ಐಪಿಎಲ್ ಕ್ರಿಕೆಟ್ ಫೈನಲ್ ನೋಡಲು ನಮ್ಮ ಜಗಲಿಯಲ್ಲಿ ಹದಿನಾಲ್ಕು ಮಂದಿ ಒಂದು ಮೊಬೈಲಿನ ಮುಂದೆ ಕುಳಿತಿದ್ದೆವು. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಜಾರದಿರಲೆಂದು ಮುಂದೆ ಒಂದು ಹಳೆಯ ಬೀಗ ಇಟ್ಟಿದ್ದೆ. ನಮ್ಮ ಆರ್‌ಸಿಬಿಯ ಎದುರು ಪಂಜಾಬಿಗೆ ಕೊನೆಯ ಓವರಿನಲ್ಲಿ 29 ರನ್ ಬೇಕು. ನಮ್ಮ ಬೌಲರ್ ಹೇಜಲ್‌ವುಡ್ ಓಡಿ ಬರಲು ಶುರು ಮಾಡಿದ. ಅಷ್ಟರಲ್ಲಿ ತೋಟದಾಚೆಯ ಮನೆಯಲ್ಲಿ ಪಟಾಕಿ ಸಿಡಿಯಿತು. ಅವರಿಗೆ ಡಿಶ್ ಇದೆ. ನಮ್ಮ ಪರದೆಯಲ್ಲಿ ಚೆಂಡು ಇನ್ನೂ ಅವನ ಕೈಯಲ್ಲಿಯೇ ಇತ್ತು. ಆಮೇಲೆ ಆ ಚಕ್ರ ತಿರುಗಲು ಹಿಡಿಯಿತು. ಅದು ನಿಂತಾಗ ಕೊಹ್ಲಿ ಮಂಡಿಯೂರಿ ಅಳುತ್ತಿದ್ದ. ಹದಿನೆಂಟನೆಯ ಸೀಸನ್ನಿಗೆ ಬಂದ ಕಪ್ ನಮ್ಮ ಜಗಲಿಗೆ ಪಕ್ಕದ ಮನೆಯ ಪಟಾಕಿಯ ಮೂಲಕ ಬಂತು.

ಅದಕ್ಕೆ ಮೊದಲೇ ಪತ್ರಿಕೆಯಲ್ಲಿ ಓದಿದ್ದೆ. ಜಿಯೋ ಮೊಬೈಲಿನ ಒಡೆಯ ರಿಲಯನ್ಸಿನ ವಯಾಕಾಂ18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ಎಂಬ ಚಾನೆಲ್ ಕಂಪನಿಗಳು 2024ರ ನವೆಂಬರ್ 14ರಂದು ಒಂದಾದವು, ಒಟ್ಟು ಬೆಲೆ 70,352 ಕೋಟಿ ರೂಪಾಯಿ. 2025ರ ಫೆಬ್ರವರಿ 14ರಂದು ಅವುಗಳ ಆ್ಯಪುಗಳಾದ ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಚಾನೆಲ್, ಇಂಟರ್ನೆಟ್, ಮೊಬೈಲ್ ಒಂದೇ ಸೂರಿನಡಿ ಬಂದರೆ ಮೊಬೈಲ್ ಸೇವೆಗೆ ಬಲ ಬರುತ್ತದೆ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ನಮ್ಮ ಗುಡ್ಡಕ್ಕೆ ಆ ಬಲ ಯಾವ ದಾರಿಯಲ್ಲಿ ಬರಬೇಕು? ನನ್ನ ಸಿಮ್ ಯಾವ ಕಂಪನಿಯದೆಂದು ಕೇಳಬೇಡಿ. ಇಲ್ಲಿ ಎಲ್ಲ ಸಿಮ್‌ಗಳ ಹಣೆಬರಹವೂ ಒಂದೇ ಟವರಿನಲ್ಲಿ ಬರೆದಿದೆ.

ರೀಚಾರ್ಜ್ ಅಂಗಡಿ (ದಾವಣಗೆರೆ)

ಬಲ ಬರುವ ದಾರಿ ನಮ್ಮ ಕೌಂಟರಿನ ಮೇಲೆಯೇ ಹಾಯುತ್ತದೆ, ರಾಯರೇ. ನಾನು ಎಂಜಿನಿಯರ್ ಅಲ್ಲ, ಗಿರಾಕಿ ಏನು ಕೇಳುತ್ತಾನೆ ಎಂಬುದಷ್ಟೇ ಗೊತ್ತು. ಹತ್ತು ವರ್ಷದ ಹಿಂದೆ "ಮಾತಾಡಲು ಹಾಕಿ" ಎನ್ನುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ "ನೆಟ್ ಹಾಕಿ" ಎಂದರು. ಈಗ ಮಾರ್ಚ್ ಬಂತೆಂದರೆ "ಮ್ಯಾಚ್ ಬರುವ ಪ್ಯಾಕ್ ಹಾಕಿ" ಎನ್ನುತ್ತಾರೆ. ಜಿಬಿ, ದಿನ, ಬೆಲೆ ಯಾವುದನ್ನೂ ಕೇಳುವುದಿಲ್ಲ.

2023ರಲ್ಲಿ ಜಿಯೋಸಿನಿಮಾ ಐಪಿಎಲ್ ಅನ್ನು ಪುಕ್ಕಟೆ ತೋರಿಸಿತು, ಕನ್ನಡ ಸೇರಿ ಹನ್ನೆರಡು ಭಾಷೆಯ ವೀಕ್ಷಕ ವಿವರಣೆಯೊಂದಿಗೆ. ಪಂದ್ಯವೇನೋ ಪುಕ್ಕಟೆ, ಡೇಟಾ ಪುಕ್ಕಟೆ ಅಲ್ಲ. ದಿನಕ್ಕೆ ಒಂದೂವರೆ ಜಿಬಿ ಇರುವವನು ಚಿತ್ರ ಸ್ಪಷ್ಟವಾಗಿರಲಿ ಎಂದು ಇಟ್ಟುಕೊಂಡರೆ ಎರಡನೆಯ ಇನ್ನಿಂಗ್ಸ್ ಅರ್ಧಕ್ಕೆ ಬರುವಷ್ಟರಲ್ಲಿ ಖಾಲಿ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಓಡಿ ಬಂದು ಟಾಪ್‌ಅಪ್ ಹಾಕಿಸಿಕೊಂಡವರು ಎಷ್ಟು ಮಂದಿಯೋ! ಆ ಎರಡು ತಿಂಗಳು ನನ್ನ ಕಮಿಷನ್ನಿಗೂ ಐಪಿಎಲ್ಲೇ.

2024ರ ಜುಲೈ 3ರಂದು ದರ ಏರಿತು. ಜಿಯೋದಲ್ಲಿ 28 ದಿನ, ದಿನಕ್ಕೆ ಒಂದೂವರೆ ಜಿಬಿಯ 239ರ ಪ್ಯಾಕ್ 299 ಆಯಿತು. ಮುಂದಿನ ಮಾರ್ಚ್‌ನಲ್ಲಿ 299 ಅಥವಾ ಹೆಚ್ಚಿನದನ್ನು ಹಾಕಿಸಿದವರಿಗೆ 90 ದಿನ ಜಿಯೋಹಾಟ್‌ಸ್ಟಾರ್ ಉಚಿತ ಎಂದರು. ಬೈಯುತ್ತಿದ್ದವರು ಬೈಗುಳ ನಿಲ್ಲಿಸಿ ಹಾಕಿಸಿಕೊಂಡರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲಿಯೇ ಇದೆ. ಚಾನೆಲ್ ಕೈಯಲ್ಲಿದ್ದರೆ ಏರಿದ ದರ ಗಂಟಲಿನಲ್ಲಿ ಸುಲಭವಾಗಿ ಇಳಿಯುತ್ತದೆ.

ತರಂಗಾಂತರ (ಬೆಂಗಳೂರು)

ಮೊದಲು ಪಟಾಕಿಯ ವಿಷಯ. ಅದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ. ಮೊಬೈಲಿಗೆ ಬರುವ ನೇರ ಪ್ರಸಾರ ನೀರಿನಂತೆ ಹರಿದು ಬರುವುದಿಲ್ಲ, ಕೆಲವು ಸೆಕೆಂಡುಗಳ ತುಂಡು ತುಂಡಾಗಿ ಬರುತ್ತದೆ. ನಡುವೆ ಕಡಿಯದಿರಲಿ ಎಂದು ಆ್ಯಪ್ ಎರಡು ಮೂರು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ತೋರಿಸಲು ಶುರು ಮಾಡುತ್ತದೆ. ಆ ಕೂಡಿಟ್ಟದ್ದೇ ನೀವು ಹಿಂದೆ ಬಿದ್ದ ಇಪ್ಪತ್ತು ಮೂವತ್ತು ಸೆಕೆಂಡು. ಡಿಶ್ ಕೂಡ ತಡವೇ, ಆದರೆ ನಿಮಗಿಂತ ಕಡಿಮೆ ತಡ.

ಈಗ ಬಲದ ಪ್ರಶ್ನೆ. ಅಂಗಡಿಯವರು ಹೇಳಿದ್ದು ಹಣದ ದಾರಿ, ಸರಿಯಾಗಿಯೇ ಹೇಳಿದ್ದಾರೆ. ತಾಂತ್ರಿಕವಾಗಿ ನೋಡಿದರೆ ಪಂದ್ಯದ ಚಿತ್ರ ಆಟ ನಡೆದ ಅಹಮದಾಬಾದಿನಿಂದ ನಿಮ್ಮ ಅಕ್ಕಿ ಡಬ್ಬಿಯವರೆಗೆ ಮೂರು ಹಂತ ದಾಟಬೇಕು.

ಒಂದು, ಕ್ರೀಡಾಂಗಣದಿಂದ ದೊಡ್ಡ ಸರ್ವರುಗಳವರೆಗೆ. ಎರಡು, ಅಲ್ಲಿಂದ ನಿಮ್ಮ ಮೊಬೈಲ್ ಕಂಪನಿಯ ಜಾಲದೊಳಗೆ. ಇಲ್ಲಿ ವಿಲೀನದಿಂದ ನಿಜವಾದ ಲಾಭ ಉಂಟು: ಚಿತ್ರದ ಒಡೆಯನೂ ಜಾಲದ ಒಡೆಯನೂ ಒಬ್ಬನೇ ಆದರೆ ನಕಲಿಡುವ ಸರ್ವರುಗಳನ್ನು ಎಲ್ಲಿ ಬೇಕೋ ಅಲ್ಲಿ, ನೋಡುಗರಿಗೆ ಹತ್ತಿರದಲ್ಲಿ ಇಡಬಹುದು. ಇದು ಸಣ್ಣ ವಿಷಯವಲ್ಲ. 2019ರ ವಿಶ್ವಕಪ್ ಸೆಮಿಫೈನಲನ್ನು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 2.5 ಕೋಟಿ ಜನ ನೋಡಿದಾಗ ಅದೇ ದಾಖಲೆ ಎನಿಸಿತ್ತು. 2023ರ ಐಪಿಎಲ್ ಫೈನಲಿಗೆ ಜಿಯೋಸಿನಿಮಾದಲ್ಲಿ 3.2 ಕೋಟಿ, ಅದೇ ನವೆಂಬರಿನ ವಿಶ್ವಕಪ್ ಫೈನಲಿಗೆ ಹಾಟ್‌ಸ್ಟಾರಿನಲ್ಲಿ 5.9 ಕೋಟಿ. ಇಷ್ಟು ಜನರನ್ನು ಹೊತ್ತು ಕುಸಿಯದೆ ನಿಂತ ಎರಡು ತಂಡಗಳು ಈಗ ಒಂದೇ ಕಡೆ ಇವೆ.

ಮೂರನೆಯದು ಟವರಿನಿಂದ ನಿಮ್ಮ ಮೊಬೈಲಿನವರೆಗಿನ ಗಾಳಿ. ಯಾವ ವಿಲೀನಪತ್ರಕ್ಕೂ ಜಗ್ಗದ ಭಾಗ ಇದು. ಟವರಿನ ಒಂದು ಮುಖ, ಅಂದರೆ ಒಂದು ದಿಕ್ಕಿನ ಆಂಟೆನಾ, 4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ತರಂಗಾಂತರದೊಂದಿಗೆ (ಸ್ಪೆಕ್ಟ್ರಂ) ಸರಾಸರಿ ಸೆಕೆಂಡಿಗೆ 30ರಿಂದ 40 ಮೆಗಾಬಿಟ್ ಕೊಟ್ಟರೆ ಹೆಚ್ಚು. ಒಬ್ಬರಿಗೆ ಸಾಧಾರಣ ಚಿತ್ರ ತೋರಿಸಲು ಒಂದು ಮೆಗಾಬಿಟ್ಟಿಗಿಂತ ಮೇಲೆ ಬೇಕು. ಎಲ್ಲರೂ ನೋಡುತ್ತಿರುವುದು ಅದೇ ಚೆಂಡು, ಆದರೂ ಟವರ್ ಪ್ರತಿಯೊಬ್ಬರಿಗೂ ಬೇರೆ ಬೇರೆ ನಕಲನ್ನು ಕಳಿಸುತ್ತದೆ. ಊರೂಟದಲ್ಲಿ ಹಂಡೆಯ ಸಾರನ್ನು ಪ್ರತಿ ಎಲೆಗೂ ಹೊಸದಾಗಿ ಒಲೆ ಹೂಡಿ ಮಾಡಿದ ಹಾಗೆ. ಮೂವತ್ತೈದನೆಯವನು ಬಂದ ಕ್ಷಣ ಮೊದಲಿನವರ ಚಿತ್ರ ಮಸುಕಾಗುತ್ತದೆ.

ಒಂದು ಕೆಲಸ ಮಾಡಿ. ಟವರಿನ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿ. ಉದ್ದನೆಯ ಪಟ್ಟಿಗಳ ಜೊತೆಗೆ ಬಿಳಿ ಡೋಲಿನಂತಹ ದುಂಡನೆಯದು ಇದೆಯೇ? ಎಷ್ಟು? ಯಾವ ದಿಕ್ಕಿಗೆ?

ಕೇಬಲ್ ಕಾಕಾ (ಗದಗ)

ಊರೂಟದ ಹಂಡೆಯ ಮಾತು ಕೇಳಿ ನಗು ಬಂತು. ಒಂದೇ ಹಂಡೆಯಿಂದ ಇಡೀ ಓಣಿಗೆ ಬಡಿಸಿದವನು ನಾನು! ನನ್ನ ತಂತಿಯಲ್ಲಿ ಹತ್ತು ಮನೆ ನೋಡಿದರೂ ಅಷ್ಟೇ, ಸಾವಿರ ಮನೆ ನೋಡಿದರೂ ಅಷ್ಟೇ. ಚಿತ್ರ ಮಸುಕಾದರೆ ಮಂಗ ತಂತಿ ಎಳೆದಿರಬೇಕು, ಇಲ್ಲವೇ ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಹಲ್ಲಿ ಸತ್ತಿರಬೇಕು. ಮೊಬೈಲು ಬಂದು ಹಂಡೆಯನ್ನು ಒಡೆದು ಮನೆಗೊಂದು ಲೋಟ ಕೊಟ್ಟಿತು, ಅದನ್ನೇ ಪ್ರಗತಿ ಎಂದಿರಿ.

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರಪದ್ಧತಿ ಬಂತು. ಮೊದಲ ನೂರು ಚಾನೆಲ್ಲಿನ ಜಾಲಕ್ಕೆ 130 ರೂಪಾಯಿ ಮತ್ತು ತೆರಿಗೆ, ಮೇಲೆ ಬೇಕಾದ ಚಾನೆಲ್ಲಿಗೆ ಬೇರೆ ದುಡ್ಡು. ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ "ಅಕ್ಕಾ, ಯಾವುದು ಬೇಕು, ಯಾವುದು ಬೇಡ" ಎಂದು ಟಿಕ್ ಹಾಕಿಸಿದೆ. ಒಂದು ಮನೆಯಲ್ಲಿ ಅತ್ತೆ ಸೊಸೆ ನನ್ನೆದುರೇ ಜಗಳಕ್ಕೆ ನಿಂತರು. ಆ ತಿಂಗಳಿನಿಂದ ಹುಡುಗರು ಒಬ್ಬೊಬ್ಬರಾಗಿ "ಕಾಕಾ, ನಮಗೆ ಮೊಬೈಲೇ ಸಾಕು" ಎನ್ನತೊಡಗಿದರು. ರಿಲಯನ್ಸ್ 2018ರಲ್ಲಿಯೇ ಡೆನ್ ಮತ್ತು ಹ್ಯಾಥ್‌ವೇ ಕೇಬಲ್ ಕಂಪನಿಗಳಲ್ಲಿ ಹಿಡಿತ ಸಾಧಿಸಲು ಹೊರಟದ್ದು ಏಕೆ ಎಂದು ನನಗೆ ಆಗ ಅರ್ಥವಾಗಿರಲಿಲ್ಲ. ಅವರಿಗೆ ಬೇಕಿದ್ದುದು ನನ್ನಂಥವರ ಚಾನೆಲ್ ವ್ಯಾಪಾರವಲ್ಲ, ಮನೆಯ ಬಾಗಿಲವರೆಗೆ ಹೋದ ತಂತಿಯ ದಾರಿ.

ಈಗ ನಾನು ಅದೇ ಕಂಬಗಳ ಮೇಲೆ ಒಂದು ಇಂಟರ್ನೆಟ್ ಕಂಪನಿಗಾಗಿ ಫೈಬರ್ ಎಳೆಯುತ್ತೇನೆ. ಮನೆಗೆ ವೈಫೈ ಬಂದ ದಿನದಿಂದ ಆ ಮನೆಯ ನಾಲ್ಕು ಮೊಬೈಲುಗಳು ಟವರನ್ನು ಬಿಟ್ಟವು. ಟವರಿಗೆ ಉಸಿರು ಬಂದದ್ದು ನನ್ನ ತಂತಿಯಿಂದ. ಮೊಬೈಲ್ ಸೇವೆ ಸುಧಾರಿಸಬೇಕೆಂದರೆ ಮೊಬೈಲಿನ ಹೊರೆ ಇಳಿಸಬೇಕು, ತಮ್ಮಾ. ಇದನ್ನು ಯಾವ ಜಾಹೀರಾತಿನಲ್ಲಿಯೂ ಹೇಳುವುದಿಲ್ಲ.

ತರಂಗಾಂತರ

ಕಾಕಾ ಹೇಳಿದ್ದಕ್ಕೆ ಸಹಿ ಹಾಕುತ್ತೇನೆ. ಹಂಡೆಯನ್ನು ಗಾಳಿಯಲ್ಲಿಯೂ ಇಡಬಹುದು. 4ಜಿಯಲ್ಲಿಯೇ ಎಲ್‌ಟಿಇ ಬ್ರಾಡ್‌ಕಾಸ್ಟ್ ಎಂಬ ವಿಧಾನ ಇದೆ, ಒಂದೇ ನಕಲನ್ನು ಆ ಪ್ರದೇಶದ ಎಲ್ಲ ಮೊಬೈಲುಗಳಿಗೂ ಒಟ್ಟಿಗೆ ಬಿತ್ತರಿಸುವುದು. ಜಿಯೋ ಅದನ್ನು ಪರೀಕ್ಷಿಸಿಯೂ ನೋಡಿತ್ತು. ಇನ್ನೊಂದು ಡಿ2ಎಂ: ಸಿಮ್ ಬೇಡ, ಇಂಟರ್ನೆಟ್ ಬೇಡ, ಹಳೆಯ ರೇಡಿಯೋ ಹಾಗೆ ನೇರವಾಗಿ ಮೊಬೈಲಿಗೆ ಪ್ರಸಾರ. ಅದಕ್ಕೆ ಚಿಪ್ ಮಾಡಿದ್ದು ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್. ಪ್ರಸಾರ ಭಾರತಿ ಮತ್ತು ಐಐಟಿ ಕಾನ್ಪುರದ ಜೊತೆಗೂಡಿ ನಡೆಸಿದ ಪ್ರಯೋಗಗಳಲ್ಲಿ ಬೆಂಗಳೂರೂ ಒಂದು ತಾಣ. ಬಳಸುವುದು 470ರಿಂದ 582 ಮೆಗಾಹರ್ಟ್ಸ್ ಪಟ್ಟಿ, ಹಿಂದೆ ದೂರದರ್ಶನ ಓಡಾಡುತ್ತಿದ್ದ ದಾರಿ.

ಆದರೆ ಮೊಬೈಲ್ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಏಕೆ ಹಿಡಿಸುತ್ತದೆ? ಡೇಟಾ ಮಾರುವವನಿಗೆ ಡೇಟಾ ಬೇಡದ ಪಂದ್ಯ ಏತಕ್ಕೆ? ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಒರಟು: ಚಾನೆಲ್ಲಿನ ಒಡೆಯ ಬೇರೆಯವನಾಗಿದ್ದರೆ ಅಗ್ಗದ ಹಂಡೆಯನ್ನು ಹುಡುಕುತ್ತಿದ್ದ. ಇಬ್ಬರೂ ಒಬ್ಬನೇ ಆದ ಮೇಲೆ ಲೋಟ ಮಾರುವುದೇ ಲಾಭ.

ಡಲ್ಲಾಸ್ ಕನ್ನಡಿಗ (ಟೆಕ್ಸಾಸ್)

ಇಲ್ಲಿ ಈ ನಾಟಕದ ಮೂರೂ ಅಂಕ ನೋಡಿ ಮುಗಿಸಿದ್ದೇವೆ, ಹೇಳದೆ ಇರಲು ಆಗುತ್ತಿಲ್ಲ.

ಮೊದಲ ಅಂಕ 2000ದ ಜನವರಿ. ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಟೈಮ್ ವಾರ್ನರ್ ಎಂಬ ಸಿನಿಮಾ, ಟಿ.ವಿ., ಪತ್ರಿಕೆಗಳ ಸಾಮ್ರಾಜ್ಯವನ್ನು ಕೊಳ್ಳುವುದಾಗಿ ಸಾರಿತು. ಸುದ್ದಿ, ಸಂಗೀತ ಎಲ್ಲವೂ ಯಾವ ಸಾಧನಕ್ಕೆ ಬೇಕಾದರೂ ಹರಿದು ಬರುತ್ತದೆ, ಕೈಫೋನಿಗೂ ಬರುತ್ತದೆ ಎಂದು ಡಂಗುರ ಸಾರಿದರು. ಆಗಿನ ಫೋನಿನ ಪರದೆ ಬೆಂಕಿಪೆಟ್ಟಿಗೆಗಿಂತ ಸಣ್ಣದು, ಕಪ್ಪು ಬಿಳುಪು. 2002ರ ಲೆಕ್ಕಪತ್ರದಲ್ಲಿ ಸುಮಾರು 99 ಬಿಲಿಯನ್ ಡಾಲರ್ ನಷ್ಟ ತೋರಿಸಿದರು. 2009ರಲ್ಲಿ ಬೇರೆಯಾದರು. ಕನಸು ತಪ್ಪಾಗಿರಲಿಲ್ಲ, ಹತ್ತು ವರ್ಷ ಮೊದಲೇ ಬಿದ್ದಿತ್ತು.

ಎರಡನೆಯದು ನಮ್ಮ ಡಲ್ಲಾಸಿನ ಫೋನ್ ಕಂಪನಿ ಎಟಿ ಅಂಡ್ ಟಿ. 2015ರಲ್ಲಿ ಡೈರೆಕ್‌ಟಿವಿ ಎಂಬ ಡಿಶ್ ಕಂಪನಿಯನ್ನು ಕೊಂಡಿತು. 2016ರ ಅಕ್ಟೋಬರಿನಲ್ಲಿ ಅದೇ ಟೈಮ್ ವಾರ್ನರನ್ನು 85 ಬಿಲಿಯನ್ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಸರ್ಕಾರವೇ ನ್ಯಾಯಾಲಯಕ್ಕೆ ಹೋಗಿ ಸೋತಿತು, 2018ರ ಜೂನ್‌ನಲ್ಲಿ ವಿಲೀನ ಮುಗಿಯಿತು. ದುಬಾರಿ ಮೊಬೈಲ್ ಪ್ಲಾನಿನ ಜೊತೆ ಟೈಮ್ ವಾರ್ನರಿನ ಎಚ್‌ಬಿಒ ಚಾನೆಲ್ ಉಚಿತ. ದಾವಣಗೆರೆಯ ಅಂಗಡಿಯವರು ಹೇಳಿದ ಗಂಟಲಿನ ಕಥೆಯೇ. ತನ್ನ ಚಾನೆಲ್ ನೋಡಿದರೆ ಡೇಟಾ ಲೆಕ್ಕಕ್ಕಿಲ್ಲ ಎಂಬ ಆಮಿಷವೂ ಇತ್ತು. ಕ್ಯಾಲಿಫೋರ್ನಿಯಾದ ಕಾನೂನಿನಿಂದಾಗಿ 2021ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಆಮೇಲೆ ಆದದ್ದನ್ನು ಗಮನಿಸಿ. 2021ರಲ್ಲಿ 5ಜಿಗೆ ಬೇಕಾದ ಸಿ-ಬ್ಯಾಂಡ್ ತರಂಗಾಂತರದ ಹರಾಜು. ಪೈಪೋಟಿಯ ಮೊಬೈಲ್ ಕಂಪನಿ ವೆರೈಜನ್ 45 ಬಿಲಿಯನ್ ಡಾಲರಿಗೂ ಹೆಚ್ಚು ಸುರಿಯಿತು, ಎಟಿ ಅಂಡ್ ಟಿ 23 ಬಿಲಿಯನ್ ಹೊಂದಿಸಿತು, ಅದೂ ಬೆಟ್ಟದಂತಹ ಸಾಲದ ಮೇಲೆ. ಗದ್ದೆಗೆ ನೀರು ಬೇಕಾದಾಗ ದುಡ್ಡೆಲ್ಲ ಮದುವೆ ಚಪ್ಪರಕ್ಕೆ ಹೋಗಿತ್ತು. 2022ರ ಏಪ್ರಿಲ್‌ನಲ್ಲಿ ಸಿನಿಮಾ ಭಾಗವನ್ನು ಡಿಸ್ಕವರಿಗೆ ಸೇರಿಸಿ ಕೈ ತೊಳೆದುಕೊಂಡರು. ಆಮೇಲೆ ಅವರ ಬಾಯಲ್ಲಿ ಎರಡೇ ಮಾತು, 5ಜಿ ಮತ್ತು ಫೈಬರ್.

ಮೂರನೆಯ ಅಂಕದ ವೆರೈಜನ್ ಕೂಡ ಸಾಧು ಅಲ್ಲ. ಎಒಎಲ್ ಅನ್ನು 4.4 ಬಿಲಿಯನ್, ಯಾಹೂವನ್ನು ಸುಮಾರು 4.5 ಬಿಲಿಯನ್ ಕೊಟ್ಟು ಕೊಂಡು, 2021ರಲ್ಲಿ ಎರಡನ್ನೂ ಸೇರಿಸಿ 5 ಬಿಲಿಯನ್ನಿಗೆ ಮಾರಿತು.

ಈ ಗದ್ದಲದಲ್ಲಿ ಗೆದ್ದವರು ಯಾರು? ಟಿ-ಮೊಬೈಲ್. ಅವರು ಸಿನಿಮಾ ಕಂಪನಿ ಕೊಳ್ಳಲಿಲ್ಲ. 2017ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಒಪ್ಪಂದ ಮಾಡಿಕೊಂಡು ಗ್ರಾಹಕರಿಗೆ ಹಂಚಿದರು, ಬಾಡಿಗೆಗೆ ತಂದ ಹಾಗೆ. ಕೊಂಡದ್ದು ಇನ್ನೊಂದು ಮೊಬೈಲ್ ಕಂಪನಿ ಸ್ಪ್ರಿಂಟನ್ನು, 2020ರ ಏಪ್ರಿಲ್ 1ರಂದು. ಅದರ ಜೊತೆ ಬಂದ 2.5 ಗಿಗಾಹರ್ಟ್ಸ್ ತರಂಗಾಂತರ ಅವರನ್ನು 5ಜಿಯಲ್ಲಿ ಮುಂದೆ ತಂದಿತು. ಟಿ.ವಿ.ಯನ್ನು ಬಾಡಿಗೆಗೆ ತಂದವನು ಗೆದ್ದ, ಕೊಂಡವರು ಸೋತರು.

ರೀಚಾರ್ಜ್ ಅಂಗಡಿ

ಡಲ್ಲಾಸ್ ಸಾಹೇಬರೇ, ನಿಮ್ಮ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರಬೇಡಿ. ನಿಮ್ಮಲ್ಲಿ ಎಲ್ಲರ ಕೈಯಲ್ಲಿಯೂ ಮೊದಲೇ ಫೋನ್ ಇತ್ತು, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಇಲ್ಲಿ ಎಷ್ಟೋ ಮನೆಗೆ ಮೊದಲ ಇಂಟರ್ನೆಟ್ಟೇ ಮೊಬೈಲ್. ನಮ್ಮ ಓಣಿಯ ತರಕಾರಿ ಮಾರುವ ಅಮ್ಮ 1,500 ರೂಪಾಯಿ ಠೇವಣಿಯ ಜಿಯೋಫೋನ್ ಕೊಂಡದ್ದು ಧಾರಾವಾಹಿಗಾಗಿ. ಆಮೇಲೆ ಅದರಲ್ಲಿಯೇ ಮಗನಿಗೆ ವಿಡಿಯೊ ಕರೆ ಮಾಡುವುದನ್ನು ಕಲಿತರು. ನೋಡಲು ಏನೂ ಇಲ್ಲದಿದ್ದರೆ ಆ ಫೋನ್ ಅವರ ಮನೆಗೆ ಬರುತ್ತಲೇ ಇರಲಿಲ್ಲ. 50 ಕೋಟಿ ಗ್ರಾಹಕರು ಸುಮ್ಮನೆ ಆಗುವುದಿಲ್ಲ.

ಡಲ್ಲಾಸ್ ಕನ್ನಡಿಗ

ಒಪ್ಪಿದೆ. ಆದರೆ ಆ ಅಮ್ಮ ಫೋನ್ ಕೊಂಡಾಗ ಈ ವಿಲೀನ ಆಗಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಅವರನ್ನು ತಂದದ್ದು ಅಗ್ಗದ ಡೇಟಾ, ಕಂಪನಿಗಳ ನಡುವಿನ ಪೈಪೋಟಿ.

ಕಾಯಿದೆ ಕಟ್ಟೆ (ಧಾರವಾಡ)

ಕ್ಯಾಲಿಫೋರ್ನಿಯಾ 2021ರಲ್ಲಿ ಮುಟ್ಟಿದ ಜಾಗಕ್ಕೆ ನಾವು 2016ರ ಫೆಬ್ರವರಿ 8ರಂದೇ ಹೋಗಿದ್ದೆವು. ಇದು ಇಂತಹ ತಾಣ ಎಂಬ ಕಾರಣಕ್ಕೆ ಡೇಟಾಗೆ ಬೇರೆ ದರ ಹಾಕಬಾರದು ಎಂದು ಟ್ರಾಯ್ ನಿಯಮ ತಂದಿತು. ಮೀರಿದರೆ ದಿನಕ್ಕೆ 50 ಸಾವಿರ, ಗರಿಷ್ಠ 50 ಲಕ್ಷ ದಂಡ. ಆಯ್ದ ತಾಣಗಳನ್ನಷ್ಟೇ ಪುಕ್ಕಟೆ ಕೊಡುವ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಮುಳುಗಿದ್ದು ಅದರಲ್ಲಿ. ಆದ್ದರಿಂದ "ನಮ್ಮ ಆ್ಯಪಿನಲ್ಲಿ ಪಂದ್ಯ ನೋಡಿದರೆ ಜಿಬಿ ಖರ್ಚಾಗುವುದಿಲ್ಲ" ಎನ್ನಲು ಇಲ್ಲಿ ಆಗುವುದಿಲ್ಲ. ಚಂದಾವನ್ನು ಉಚಿತವಾಗಿ ಕೊಡುವುದನ್ನು ಆ ನಿಯಮ ತಡೆಯುವುದಿಲ್ಲ. ಆ ಸಂದಿಯಲ್ಲಿಯೇ ಎಲ್ಲರೂ ನುಸುಳಿರುವುದು. ಏರ್‌ಟೆಲ್‌ಗೂ ಬೇರೆಯವರ ಆ್ಯಪುಗಳನ್ನು ಸೇರಿಸಿ ಕೊಡುವ ಪ್ಯಾಕ್‌ಗಳಿವೆ.

ವಿಲೀನಕ್ಕೆ ಸ್ಪರ್ಧಾ ಆಯೋಗ 2024ರ ಆಗಸ್ಟ್ 28ರಂದು ಒಪ್ಪಿಗೆ ಕೊಟ್ಟಾಗ ಷರತ್ತು ಇತ್ತು: ಕ್ರಿಕೆಟ್ಟಿನ ಜಾಹೀರಾತು ಜಾಗವನ್ನು ಟಿ.ವಿ. ಮತ್ತು ಆ್ಯಪ್ ಎರಡನ್ನೂ ಗಂಟು ಹಾಕಿ ಮಾರಬಾರದು. ಯಾರ ಹಿತಕ್ಕೆ? ಜಾಹೀರಾತುದಾರರ ಹಿತಕ್ಕೆ. ಹೊಸನಗರದ ಗುಡ್ಡದ ಮೇಲಿನ ಟವರಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ, ಇರಬೇಕಾದ ಕಾಗದವೂ ಅದಲ್ಲ.

ಹಣದ ಲೆಕ್ಕ ಮಾತ್ರ ನೋಡಿ. 2018ರಿಂದ 2022ರ ಐಪಿಎಲ್ ಹಕ್ಕು, ಟಿ.ವಿ. ಮತ್ತು ಡಿಜಿಟಲ್ ಸೇರಿ, 16,347 ಕೋಟಿ. ಮುಂದಿನ ಐದು ವರ್ಷಕ್ಕೆ ಸ್ಟಾರ್ ಟಿ.ವಿ.ಗೆ 23,575 ಕೋಟಿ ಕೊಟ್ಟಿತು, ವಯಾಕಾಂ18 ಡಿಜಿಟಲ್ಲಿಗೆ 20,500 ಕೋಟಿ, ಉಳಿದ ಹಕ್ಕು ಸೇರಿ 48,390 ಕೋಟಿ. ಪೈಪೋಟಿಯಲ್ಲಿ ಬೆಲೆ ಏರಿಸಿಕೊಂಡ ಇಬ್ಬರೂ ಕೊನೆಗೆ ಒಂದೇ ಪಂಕ್ತಿಯಲ್ಲಿ ಕುಳಿತರು. ಆ ದುಡ್ಡು ಎಲ್ಲಿಂದಾದರೂ ಬರಲೇಬೇಕಲ್ಲ.

ಅಜ್ಜಿಯ ಮೊಮ್ಮಗಳು (ಮೈಸೂರು)

ಎಲ್ಲರೂ ಕ್ರಿಕೆಟ್ ಹಿಡಿದುಕೊಂಡಿದ್ದೀರಿ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಮನೆಯವು ಎಂಬುದನ್ನು ಯಾರೂ ಹೇಳಲಿಲ್ಲ. ನಮ್ಮಜ್ಜಿಗೆ ಅದರಿಂದ ಆದ ಲಾಭ ದೊಡ್ಡದು: ಎರಡು ಚಾನೆಲ್ಲಿನ ಧಾರಾವಾಹಿ ಒಂದೇ ಆ್ಯಪಿನಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ರಾತ್ರಿಯದನ್ನು ನೋಡುತ್ತಾರೆ, ಜಾಹೀರಾತು ಬಂದಾಗ ಫೋನನ್ನು ಮಗುಚಿಟ್ಟು ಹೂ ಕಟ್ಟುತ್ತಾರೆ. ತೊಂದರೆಯೂ ಉಂಟು. ಮೊದಲು ಇಬ್ಬರೂ ಅಜ್ಜಿಗಾಗಿ ಕಿತ್ತಾಡುತ್ತಿದ್ದರು, ಈಗ ಅವರ ಎದುರು ಅಜ್ಜಿಗಾಗಿ ಕಿತ್ತಾಡಲು ಉಳಿದದ್ದು ಝೀ ಕನ್ನಡ, ಉದಯದಂಥವು ಅಷ್ಟೇ.

ಗುಡ್ಡದಂಚು

ತರಂಗಾಂತರ ಅವರೇ, ನಿನ್ನೆ ಟವರಿನ ಬುಡಕ್ಕೆ ಹೋಗಿ ಬಂದೆ. ಬಿಳಿ ಡೋಲು ಇದೆ, ಒಂದೇ. ತೀರ್ಥಹಳ್ಳಿ ಕಡೆಗೆ ಮುಖ ಮಾಡಿದೆ. ಬೇಲಿಯ ಒಳಗೆ ಜನರೇಟರ್ ಇದೆ, ಅದರ ಮೇಲೆ ಉಂಬಳ ಹರಿಯುತ್ತಿದೆ. ಕಾವಲಿನವನು ಹೇಳಿದ: ಕರೆಂಟು ಹೋದರೆ ಬ್ಯಾಟರಿ ಒಂದೂವರೆ ಗಂಟೆ, ಆಮೇಲೆ ಡೀಸೆಲ್ ಇದ್ದರೆ ಉಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಹೋಗುತ್ತದೆ.

ತರಂಗಾಂತರ

ಹಾಗಾದರೆ ಫೈಬರ್ ಬಂದಿಲ್ಲ. ಆ ಡೋಲು ಮೈಕ್ರೋವೇವ್, ಗುಡ್ಡದಿಂದ ಗುಡ್ಡಕ್ಕೆ ಗಾಳಿಯಲ್ಲಿಯೇ ಸಾಗಿಸುವ ಕೊಂಡಿ. ಜೋರು ಮಳೆಗೆ ಅದೂ ಸೊರಗುತ್ತದೆ. ಎಲ್ಲ ಕಂಪನಿಗಳೂ ಆ ಒಂದೇ ಡೋಲಿನ ಮೇಲೆ ನಿಂತಿದ್ದರೆ ನಿಮ್ಮ ಹದಿನಾಲ್ಕು ಮಂದಿ ಒಂದೇ ಮೊಬೈಲ್ ನೋಡಿದ್ದು ಬಹಳ ಜಾಣತನ. ಹದಿನಾಲ್ಕು ಮೊಬೈಲ್ ತೆರೆದಿದ್ದರೆ ಟಾಸ್ ಕೂಡ ಕಾಣುತ್ತಿರಲಿಲ್ಲ.

2022ರ ತರಂಗಾಂತರ ಹರಾಜಿನಲ್ಲಿ ಜಿಯೋ ದೇಶದ ಎಲ್ಲ 22 ದೂರಸಂಪರ್ಕ ವಲಯಗಳಲ್ಲಿ 700 ಮೆಗಾಹರ್ಟ್ಸ್ ಕೊಂಡಿತು. ಅದು ಕಾಡು, ಗೋಡೆ ದಾಟಿ ದೂರ ಹೋಗುವ ತರಂಗ, ನಿಮ್ಮಂಥ ಜಾಗಕ್ಕೆ ಹೇಳಿ ಮಾಡಿಸಿದ್ದು. ಆದರೂ ಟವರಿನ ಹಿಂದೆ ಫೈಬರ್, ಬುಡದಲ್ಲಿ ಡೀಸೆಲ್ ಬೇಕು.

ಕೇಬಲ್ ಕಾಕಾ

ತಮ್ಮಾ, ನಿಮ್ಮ ಪಂಚಾಯಿತಿ ಕಚೇರಿಗೆ ಸರ್ಕಾರದ ಭಾರತ್‌ನೆಟ್ ಯೋಜನೆಯ ಫೈಬರ್ ಬಂದಿದೆಯೇ ಕೇಳು. ಬಂದಿದ್ದರೆ ಅಲ್ಲಿಂದ ನಿಮ್ಮ ಮನೆಗೆ ಎಷ್ಟು ಕಿಲೋಮೀಟರ್? ದಾರಿಯಲ್ಲಿ ಎಷ್ಟು ಮನೆ? ತಂತಿ ಎಳೆಯುವವನು ಮೊದಲು ಕೇಳುವುದೇ ಅದನ್ನು. ಒಂದು ಕಿಲೋಮೀಟರಿಗೆ ಇಪ್ಪತ್ತು ಮನೆ ಸಿಕ್ಕರೆ ಓಡಿ ಬರುತ್ತಾನೆ.

ಗುಡ್ಡದಂಚು

ಪಂಚಾಯಿತಿಗೆ ಬಂದಿದೆ ಕಾಕಾ, ಪೆಟ್ಟಿಗೆ ಗೋಡೆಯ ಮೇಲಿದೆ, ದೀಪ ಉರಿಯುತ್ತದೆ. ಅಲ್ಲಿಂದ ನಮ್ಮ ಮನೆ ನಾಲ್ಕು ಕಿಲೋಮೀಟರ್. ಕಂಬದ ಗುಂಡಿ ಬೇಕಾದರೆ ನಾವೇ ತೋಡಿ ಕೊಡುತ್ತೇವೆ, ಅಡಿಕೆ ಮರದ ಕಂಬವೂ ನಮ್ಮದೇ. ದಾರಿಯಲ್ಲಿ ಹನ್ನೊಂದು ಮನೆ. ಕೊಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ ಹನ್ನೆರಡು.